ಹಿಡಿ, ಬಿಡು

ಕುಣಿ ತೋಡಲು ಹೊರಟವರ ಕೈಯಿಂದ ಸಿದ್ದಲಿಂಗ ಒಂದು ಗುದ್ದಲಿ ಕಸಿದುಕೊಂಡ. ಅದನ್ನು ತಲೆಕೆಳಗು ಮಾಡಿ ಕಟ್ಟೆಯ ಕಲ್ಲಿಗೆ ಬಲವಾಗಿ ಕುಟ್ಟಿದ. ಕಬ್ಬಿಣ ಕಳಚಿ ಅಂಗಳಕ್ಕೆ ಬಿತ್ತು. ಕೈಯಲ್ಲಿ ಉಳಿದ ಬರಿ ಮರದ ಕಾವನ್ನು ಗಾಳಿಯಲ್ಲಿ ಬೀಸಿ ನೋಡಿ, ಬಾಗಿಲ ಪಕ್ಕದ ಗೋಡೆಗೆ ಒರಗಿಸಿದ.

"ಕುಣಿಗೆ ಬ್ಯಾರೆ ಗುದ್ದಲಿ ಒಯ್ರಿ," ಎಂದ. "ಈ ಕಾವು ಪರಶ್ಯಾಗ ಬೇಕು."

ಮುಶಿಗೇರಿಯ ಅರ್ಧ ಊರು ಆ ಅಂಗಳದಲ್ಲಿತ್ತು. ಒಂದಿಬ್ಬರು ಹಿರಿಯರು ಎಲೆಯಡಿಕೆ ಚೀಲದೊಳಗೆ ಏನೋ ಕಳೆದುಕೊಂಡವರಂತೆ ಹುಡುಕತೊಡಗಿದರು.

ಪಡಸಾಲೆಯಲ್ಲಿ ಸಿದ್ದಲಿಂಗನ ಅಣ್ಣ ಅಂದಾನೆಪ್ಪನ ಹೆಣ ಮಲಗಿತ್ತು. ಮಲಗಿತ್ತು ಎಂಬುದೇ ಆ ಮನೆಗೆ ಇನ್ನೊಂದು ನೋವು. ಅವರಲ್ಲಿ ಸತ್ತವರನ್ನು ಕೂಡಿಸುತ್ತಾರೆ; ಹಣೆಗೆ ವಿಭೂತಿ ಬಳಿದು, ಹೂವು ಏರಿಸಿ, ಕೂತಂತೆಯೇ ಮೆರೆಸುತ್ತ ಒಯ್ದು ಕೂತಂತೆಯೇ ಮಣ್ಣಿಗಿಡುತ್ತಾರೆ. ಅಂದಾನೆಪ್ಪನನ್ನು ಕೂಡಿಸಲು ಬರಲಿಲ್ಲ. ಭಟ್ಟಿಯ ಉರಿ ಉಂಡು ಉಳಿಸಿದ ಮೈ ದವಾಖಾನೆಯ ಬಿಳಿ ಪಟ್ಟಿಗಳೊಳಗೆ ಹಲಗೆಯಾಗಿತ್ತು. ಹಿರೇಮಠದ ಅಯ್ಯನವರು ಬಂದು ಮೊಣಕಾಲು ಮುಟ್ಟಿ ನೋಡಿ, "ಆಗೂದಿಲ್ಲಪಾ, ಕಂಬಳಿಯೊಳಗ ಮಲಗಿಸೇ ಒಯ್ಯೂಣು," ಎಂದಿದ್ದರು. ಬದುಕಿದ್ದಾಗ ಯಾರ ಮಾತಿಗೂ ಬಾಗದ ಮನುಷ್ಯ, ಸತ್ತ ಮೇಲೆ ಅಯ್ಯನವರ ಕೈಗೂ ಬಾಗಲಿಲ್ಲ.

ಹೆಣದ ತಲೆಯ ಹತ್ತಿರ ಹೆಂಡತಿ ಶೇಖವ್ವ ಕೂತಿದ್ದಳು. ಗೋಡೆಗೆ ಒರಗಿಸಿದ ಕಾವು ಅವಳು ಕೂತಲ್ಲಿಂದ ನೇರ ಕಾಣುತ್ತಿತ್ತು. ಪರಶಪ್ಪ ಅವಳ ಬೆನ್ನಿಗೆ ಬಿದ್ದ ತಮ್ಮ. ಅವಳ ಗಂಡನ ಕೈಕೆಳಗೆ ಅದೇ ಭಟ್ಟಿಯಲ್ಲಿ ದುಡಿಯುತ್ತಿದ್ದವನು. ಗಂಡನನ್ನು ಸುಟ್ಟ ಡ್ರಮ್ಮಿನ ಮುಚ್ಚಳ ತೆರೆದ ಕೈ ಅವನದೇ.

ಅವನು ಬಂದೇ ಬರುತ್ತಾನೆ ಎಂಬುದು ಅವಳ ಸಂಕಟ. ಗಂಡ ಸತ್ತವಳಿಗೆ ತವರಿನವರು ಸೀರೆ ತರಬೇಕು. ಅದನ್ನು ಅವಳ ಹೆಗಲಿಗೆ ಹಾಕದ ಹೊರತು ಹೆಣ ಎತ್ತುವ ಹಾಗಿಲ್ಲ. ಅಪ್ಪ ಅವ್ವ ಇಬ್ಬರೂ ಹೋಗಿ, ಶೇಖವ್ವನಿಗೆ ತವರು ಅಂತ ಉಳಿದವನು ಸವಡಿಯ ಪರಶಪ್ಪ ಒಬ್ಬನೇ. ಬಂದರೆ ಬಾಗಿಲಲ್ಲಿ ಕಾವು. ಬರದಿದ್ದರೆ, ಕೊಂದವನು ಅದಕ್ಕೇ ಮುಖ ತೋರಿಸಲಿಲ್ಲ ಎಂಬ ಮಾತು. ಆಮೇಲೆ ಕಾವು ಸವಡಿಗೇ ಹೋಗುತ್ತದೆ.

"ಫೋನ್ ಮಾಡಿ ಹೇಳಬೇ, ಬರಬ್ಯಾಡ ಅಂತ," ಗಂಡನ ಚಿಕ್ಕವ್ವ ಫಕೀರವ್ವ ಕಿವಿಯಲ್ಲಿ ಉಸುರಿದಳು. "ಸೀರಿ ನಾನ ಹಾಕತೀನಿ. ಸತ್ತಾಂವ ಎದ್ದು ನೋಡತಾನೇನು?"

"ಫೋನು ಮೈದುನನ ಕಿಸೇದಾಗ ಐತ್ರಿ ಅತ್ತಿ."

ಮುಂಜಾನೆ ಗದಗಿನಿಂದ ಬಂದ ಗಾಡಿಯಿಂದ ಹೆಣ ಇಳಿಸುವ ಮೊದಲೇ ಸಿದ್ದಲಿಂಗ ಅದನ್ನು ಇಸಿದುಕೊಂಡಿದ್ದ. "ಅಂವ ಬರಲಿ ವೈನಿ. ಬರಬ್ಯಾಡ ಅಂತ ನೀವು ಹೇಳಬ್ಯಾಡ್ರಿ," ಎಂದಿದ್ದ. ಅಷ್ಟು ಮರ್ಯಾದೆಯಿಂದ ಹೇಳಿದ್ದಕ್ಕೇ ಅವಳಿಗೆ ಹೆಚ್ಚು ಭಯವಾಗಿತ್ತು.

*

ಅಂದಾನೆಪ್ಪನಿಗೆ ಸಿಟ್ಟು ಬರುತ್ತಿತ್ತು ಎಂದರೆ ತಪ್ಪಾದೀತು. ಸಿಟ್ಟು ಅವನಲ್ಲೇ ಮನೆ ಮಾಡಿಕೊಂಡಿತ್ತು. ಆಗಾಗ ಹೊರಗೆ ಹೋಗಿ ಬರುತ್ತಿತ್ತು, ಅಷ್ಟೆ.

ಹರೆಯದಲ್ಲಿ ಅವನು ಇದ್ದಿಲು ಸುಡುತ್ತಿದ್ದ. ಹಳ್ಳದ ದಂಡೆಯ ಬಳ್ಳಾರಿ ಜಾಲಿ ಕಡಿದು, ಗುಂಡಿಯಲ್ಲಿ ಒಟ್ಟಿ, ಮೇಲೆ ಮಣ್ಣು ಮುಚ್ಚಿ, ಗಾಳಿ ತಾಗದಂತೆ ಒಳಗೊಳಗೇ ಬೇಯಿಸುವ ಕೆಲಸ. ಕಾಲಿಗೆ ಮುಳ್ಳು ನಟ್ಟರೆ ಮುಳ್ಳು ಕೀಳುವ ಮೊದಲು ಇಡೀ ಗಿಡಕ್ಕೆ ಕೊಡಲಿ ಹಾಕುವ ಆಸಾಮಿ. ಒಮ್ಮೆ ಸಿದ್ದಲಿಂಗ ಅವಸರಕ್ಕೆ ಬಿದ್ದು ಬಿಸಿ ಗುಂಡಿಯ ಬಾಯಿ ತೆಗೆದ. ಗಾಳಿ ಹೊಕ್ಕು ಇದ್ದಿಲೆಲ್ಲ ಭಗ್ಗೆಂದು ಹೊತ್ತಿ ಬೂದಿಯಾಯಿತು. ಅಂದಾನೆಪ್ಪ ತಮ್ಮನ ಕಪಾಳಕ್ಕೆ ಕೊಟ್ಟ ಪೆಟ್ಟಿಗೆ ಕಿವಿಯಿಂದ ರಕ್ತ ಬಂತು. ರಕ್ತ ಕಂಡದ್ದೇ ತಮ್ಮನನ್ನು ಹೆಗಲ ಮೇಲೆ ಹೊತ್ತು ನರೇಗಲ್ಲಿನ ಡಾಕ್ಟರರ ತನಕ ಓಡಿದ, ದಾರಿಯುದ್ದಕ್ಕೂ ಹೆಂಗಸರ ಹಾಗೆ ಅತ್ತ. ಆ ಕಿವಿ ಮತ್ತೆ ಕೇಳಿಸಲಿಲ್ಲ. ಆದರೆ ಸಿದ್ದಲಿಂಗ ಪೆಟ್ಟನ್ನು ಮರೆತ, ಹೆಗಲನ್ನು ನೆನಪಿಟ್ಟುಕೊಂಡ. ಅಂದಿನಿಂದ ಅಣ್ಣ ಅಂದದ್ದು ಅವನಿಗೆ ಶಾಸನ.

ಶೇಖವ್ವನಿಗೆ ಹೆಗಲು ಸಿಗಲಿಲ್ಲ, ಪೆಟ್ಟು ಮಾತ್ರ ಸಿಕ್ಕವು. ರೊಟ್ಟಿ ಆರಿದ್ದಕ್ಕೆ ಒಮ್ಮೆ, ನೆರೆಮನೆಯವಳ ಜೊತೆ ನಕ್ಕಿದ್ದಕ್ಕೆ ಒಮ್ಮೆ, ಏನೂ ಇಲ್ಲದ್ದಕ್ಕೆ ಹಲವು ಸಲ. ತುರುಬು ಹಿಡಿದು ಗೋಡೆಗೆ ನೂಕುವಾಗ ಅವಳ ಬಾಯಲ್ಲಿ ಒಂದೇ ಮಾತು: "ಬಿಡ್ರಿ, ನಿಮ್ಮ ಕಾಲಿಗೆ ಬೀಳತೀನಿ, ಬಿಡ್ರಿ." ಹಿಡಿದದ್ದನ್ನು ಅವನು ಬಿಟ್ಟವನಲ್ಲ. ಮರುದಿನ ಗಜೇಂದ್ರಗಡದಿಂದ ಮಿರ್ಚಿ ಬಜಿ ಕಟ್ಟಿಸಿಕೊಂಡು ಬಂದು, ಅವಳ ಕಡೆ ನೋಡದೆ, ಒಲೆಯ ದಂಡೆಯ ಮೇಲಿಟ್ಟು ಹೋಗುವನು. ತಪ್ಪಾಯಿತು ಎನ್ನುವ ಅವನ ಬಗೆ ಅದು. ತುಟಿ ಒಡೆದವಳಿಗೆ ಖಾರ ತಿನ್ನಲು ಬರುವುದಿಲ್ಲ ಎಂಬುದು ಆ ಪುಣ್ಯಾತ್ಮನಿಗೆ ಕೊನೆತನಕ ಹೊಳೆಯಲಿಲ್ಲ.

ಆಮೇಲೆ ಗಜೇಂದ್ರಗಡದ ರಸ್ತೆಯಲ್ಲಿ ಹುಲ್ಲಿನ ಭಟ್ಟಿ ಎದ್ದಿತು. ಬೋರು ಇದ್ದವರು ಹೊಲದಲ್ಲಿ ಆಳೆತ್ತರದ ಆನೆಹುಲ್ಲು ಬೆಳೆದು ಅಲ್ಲಿಗೆ ಹಾಕತೊಡಗಿದರು. ಹುಲ್ಲನ್ನು ಕತ್ತರಿಸಿ ಒಣಗಿಸಿ, ಲಾರಿಯಲ್ಲಿ ಬಂದ ಕಲ್ಲಿದ್ದಲ ಪುಡಿಯ ಜೊತೆ ಕಲಸಿ, ಕಬ್ಬಿಣದ ದೊಡ್ಡ ಡ್ರಮ್ಮಿಗೆ ತುಂಬಿ, ಮುಚ್ಚಳ ಬಿಗಿದು ಕೆಳಗೆ ಉರಿ ಹಾಕುವುದು. ಹೊಗೆ ಕೊಳವೆಯಲ್ಲಿ ಹೋಗಿ ತಣಿದು ಎಣ್ಣೆಯಾಗಿ ಇಳಿಯುತ್ತದೆ. ಒಳಗುಳಿದ ಕರಿಯನ್ನು ಇಟ್ಟಿಗೆಯ ಹಾಗೆ ಒತ್ತಿ ಕಾರ್ಖಾನೆಗಳಿಗೆ ಉರುವಲಾಗಿ ಕಳಿಸುತ್ತಾರೆ. ಇದ್ದಿಲ ಗುಂಡಿಯೇ ಕಬ್ಬಿಣದ ಅಂಗಿ ತೊಟ್ಟು ಬಂದಂತೆ ಕಂಡು ಅಂದಾನೆಪ್ಪ ಅಲ್ಲಿಗೆ ಹೋಗಿ ಮೇಸ್ತ್ರಿಯಾದ. ಮುಚ್ಚಳದ ಹಿಡಿಕೆಯ ಎರಡು ಬದಿಗೆ ಇಂಗ್ಲಿಷಿನಲ್ಲಿ ಏನೋ ಬರೆದಿತ್ತು. ಕೂಲಿಯವರಿಗೆ ಓದಲು ಬರುತ್ತಿರಲಿಲ್ಲ. ಅಂದಾನೆಪ್ಪ ಪೇಂಟರನ್ನು ಕರೆಸಿ ಅದನ್ನು ಅಳಿಸಿ, ಮುಚ್ಚುವ ಕಡೆಗೆ ಕೆಂಪಿನಲ್ಲಿ "ಹಿಡಿ" ಎಂದೂ ತೆರೆಯುವ ಕಡೆಗೆ ಹಸಿರಿನಲ್ಲಿ "ಬಿಡು" ಎಂದೂ ಬರೆಸಿದ. ಕಾಲುವೆಗೆ ನೀರು ಬಿಡುವುದಿಲ್ಲವೇ, ಹಾಗೆ. ಅಂದಿನಿಂದ ಭಟ್ಟಿಯಲ್ಲಿ ಯಾರೂ ಮುಚ್ಚು, ತೆರೆ ಎನ್ನಲಿಲ್ಲ. ಹಿಡಿ, ಬಿಡು ಎಂದೇ ಕೂಗುತ್ತಿದ್ದರು.

ಒಂದು ಸಂಜೆ ಸೀಮೆಎಣ್ಣೆಯಿಂದ ಕೈಯ ಡಾಂಬರು ತಿಕ್ಕಿಕೊಳ್ಳುತ್ತ, ಅಪರೂಪಕ್ಕೆ ಸಮಾಧಾನದಲ್ಲಿದ್ದವನು ಹೇಳಿದ್ದ: "ಬರೇ ಹುಲ್ಲ ಸುಟ್ರ ಭುಸ್ ಅಂತ ಬೂದಿ ಆಗಿ ಹೊಕ್ಕೈತಿ. ಬರೇ ಕಲ್ಲಿದ್ದಲಾ ಸುಟ್ರ ಸಿಟ್ಟಿಲೆ ಹೊಗಿ ಉಗಳತೈತಿ. ಎರಡೂ ಕೂಡಿ ಒಂದ ಡ್ರಮ್ಮಿನ್ಯಾಗ ಬೇಯ್ಬೇಕು ನೋಡ, ಗಂಡಾ ಹೆಂಡ್ತಿ ಇದ್ದಂಗ."

"ಅದರಾಗ ನಾ ಹುಲ್ಲೋ, ಕಲ್ಲೋ?" ಎಂದು ಶೇಖವ್ವ ಕೇಳಿದ್ದಳು.

ಅವನು ಕೈ ತಿಕ್ಕುವುದನ್ನು ನಿಲ್ಲಿಸಿ, ನಕ್ಕ. ಎಷ್ಟು ನಕ್ಕನೆಂದರೆ ಕಣ್ಣಲ್ಲಿ ನೀರು ಬಂತು. ಆ ನಗುವಿನ ಧೈರ್ಯದ ಮೇಲೆ, ಸವಡಿಯಲ್ಲಿ ಕೆಲಸವಿಲ್ಲದೆ ಅಲೆಯುತ್ತಿದ್ದ ತಮ್ಮನ ಮಾತು ತೆಗೆದಳು. ಮರುದಿನವೇ ಪರಶಪ್ಪ ಭಟ್ಟಿಗೆ ಹತ್ತಿದ. ತನ್ನ ಕೈಯಾರೆ ಅವನನ್ನು ಆ ಹಿಡಿಕೆಯ ಮುಂದೆ ನಿಲ್ಲಿಸಿದವಳು ತಾನೇ ಎಂಬುದನ್ನು ಈಗ ಹೆಣದ ಮುಂದೆ ಕೂತು ನೆನೆದು ಅವಳು ತುಟಿ ಕಚ್ಚಿಕೊಂಡಳು.

*

ಅಂಗಳದಲ್ಲಿ ಅಯ್ಯನವರು ಮಾತು ತೆಗೆದಿದ್ದರು. ಭಟ್ಟಿಯಲ್ಲಿ ಉರಿ ಹಾಕುವ ಗಜೇಂದ್ರಗಡದ ಅಬ್ದುಲಮಜೀದ ಟೊಪ್ಪಿಗೆ ಕೈಯಲ್ಲಿ ಹಿಡಿದು ಅವರೆದುರು ನಿಂತಿದ್ದ. ಆ ಹೊತ್ತು ಅಲ್ಲಿದ್ದು ಮೈ ಸುಡದೆ ಉಳಿದವನು ಅವನೊಬ್ಬನೇ.

"ಕೊಳವಿ ಕಟ್ಟಿತ್ರಿ ಅಜ್ಜಾರ," ಎಂದ. "ಡಾಂಬರ ಹೆಪ್ಪಗಟ್ಟಿ ಹೊಗಿ ಹೊರಗ ಹೋಗವಲ್ದಾಗಿತ್ತು. ಡ್ರಮ್ಮು ಗುರುಗುಡಾಕ ಹತ್ತಿತು. ಪರಶಪ್ಪ ಮ್ಯಾಲ ಹಿಡಿಕಿ ಹಿಡದ ನಿಂತಿದ್ದ. ಅಂದಾನೆಪ್ಪಣ್ಣ ಹುಲ್ಲಿನ ರಾಶಿ ಕಡಿಂದ ಓಡಿ ಬಂದು ಮೆಟ್ಲ ಏರಕೋತ 'ಬಿಡೋ ಪರಶ್ಯಾ' ಅಂತ ಒದರಿದ. ಅಂವ ಬಿಟ್ಟ. ಮುಚ್ಚಳ ಹಾರಿತು. ಉರಿ ಎಲ್ಲಾ ಅಣ್ಣ ನಿಂತ ಕಡೇನ ಬಂತ್ರಿ." ಅಷ್ಟು ಹೇಳಿ ಟೊಪ್ಪಿಗೆಯಿಂದ ಮುಖ ಒರೆಸಿಕೊಂಡ. "ಅಂವ ಉರಕೋತ ಹುಲ್ಲಿನ ಕಡೆ ಓಡಾಕ ಹೊಂಟಿದ್ದ. ನಾ ಉಸುಕಿನ ಮ್ಯಾಲ ಕೆಡವಿದ್ನಿ. ಪರಶಪ್ಪ ಬರಿಗೈಲೆ ಉರಿ ಬಡದ."

"ಕೇಳ್ರೆಪ್ಪಾ ಕೇಳ್ರಿ!" ಸಿದ್ದಲಿಂಗ ಚೀರಿದ. ಒಂದು ಕಿವಿ ಇಲ್ಲದವನಿಗೆ ಮೆಲ್ಲಗೆ ಮಾತಾಡಲು ಬರುವುದಿಲ್ಲ. "ಬಿಡೋ ಅಂದ್ರ ಏನ? ಕೈ ಬಿಟ್ಟು ಇಳದ ಬಾ ಅಂತ! ಬಿಸಿ ಇದ್ದದ್ದರ ಬಾಯಿ ತೆಗೀಬಾರದು ಅಂತ ನನ್ನ ಕಿವಿ ಹರದು ಕಲಿಸ್ಯಾನ ನಮ್ಮಣ್ಣ. ಅಂವ ತೆರಿ ಅಂತಾನೇನು?"

"ಭಟ್ಟ್ಯಾಗ ಬಿಡು ಅಂದ್ರ ತೆರಿ ಅಂತನ ಅಲ್ಲೇನೋ ಯಪ್ಪಾ? ನಿಮ್ಮಣ್ಣನ ಬರಸ್ಯಾನ," ಎಂದ ಅಬ್ದುಲಮಜೀದ.

"ಹಂಗಾರ ಎಲ್ಲಾರ ಮುಂದ ನಮ್ಮಣ್ಣನ ಅಂಗಿ ಹಿಡದು ಅಂವ ಏನಂದಿದ್ದ? ಅದನ್ನೂ ಹೇಳು!"

ಅದು ಎಲ್ಲರಿಗೂ ಗೊತ್ತಿದ್ದ ಮಾತೇ. ಕಳೆದ ತಿಂಗಳು ಅಕ್ಕನ ಮುಖ ಬಾತದ್ದು ಕಂಡು, ಪರಶಪ್ಪ ಭಟ್ಟಿಯಲ್ಲಿ ಭಾವನ ಎದೆಯ ಅಂಗಿ ಹಿಡಿದು ಹೇಳಿದ್ದ: "ಇನ್ನೊಮ್ಮೆ ನಮ್ಮಕ್ಕನ ಮೈ ಮುಟ್ಟಿದ್ರ ನಿನ್ನ ಬಿಡಂಗಿಲ್ಲ ಮಾವಾ." ಪೊಲೀಸರು ಬಂದು ನೋಡಿ ಅಪಘಾತ ಎಂದು ಬರೆದುಕೊಂಡು ಹೋಗಿದ್ದರು. ಸಿದ್ದಲಿಂಗನಿಗೆ ಅವರ ಬರಹ ಬೇಕಿರಲಿಲ್ಲ, ಅಂದು ಕೇಳಿದ ಆ ಮಾತೇ ಸಾಕಾಗಿತ್ತು.

"ಬಿಡಂಗಿಲ್ಲ ಅಂದಾಂವ ಬಿಟ್ಟ," ಎಂದ ಸಿದ್ದಲಿಂಗ. "ಉರೀನ ಬಿಟ್ಟ."

ಶೇಖವ್ವ ನೀರಿಗೆಂದು ಎದ್ದವಳು, ಹಿತ್ತಲ ಬಾಗಿಲಿನಿಂದ ಅಬ್ದುಲಮಜೀದನಿಗೆ ಕಣ್ಣು ಮಾಡಿದಳು. ಅವನು ಹತ್ತಿರ ಬಂದ ಮೇಲೆ ಒಂದೇ ಉಸಿರಿನಲ್ಲಿ ಹೇಳಿದಳು. "ಯಣ್ಣಾ, ಅಂವ ಹೊಲದ ಹಾದಿ ಹಿಡದ ಬರತಾನ. ಅಡ್ಡ ನಿಂದ್ರು. ಸೀರಿ ಇಸಗೊಂಡು ಅಂವನ್ನ ತಿರುಗಿ ಕಳಸು. ಅಕ್ಕ ಹೇಳ್ಯಾಳ ಅನ್ನು, ಆಣಿ ಇಟ್ಟಾಳ ಅನ್ನು."

*

ಆದರೆ ಅವಳ ಎದೆಯ ಮೇಲೆ ಕೂತ ಕಲ್ಲು ಇನ್ನೊಂದಿತ್ತು. ಅದು ಅವಳೊಬ್ಬಳಿಗೇ ಗೊತ್ತು.

ಹಿಂದಿನ ದಿನ ಗದಗಿನ ದವಾಖಾನೆಯಲ್ಲಿ ಬೆಳಗಾಗುತ್ತಿತ್ತು. ಅಂದಾನೆಪ್ಪನ ಮೈಯಲ್ಲಿ ಪಟ್ಟಿ ಸುತ್ತದೆ ಉಳಿದದ್ದು ಕಣ್ಣು, ಬಾಯಿ, ಬಲಗೈಯ ಎರಡು ಬೆರಳು. ಆ ಬೆರಳುಗಳನ್ನು ಶೇಖವ್ವ ಹಿಡಿದುಕೊಂಡು ಕೂತಿದ್ದಳು. ಇವೇ ಬೆರಳು ತನ್ನ ತುರುಬಿನಲ್ಲಿ ಸಿಕ್ಕಿಕೊಂಡು ಎಳೆದದ್ದು ಎಂದು ನೆನಪಾಯಿತು, ಸಿಟ್ಟು ಬಂತು, ಅಳುವೂ ಬಂತು. ಸತ್ತರೆ ಸಾಯಲಿ ಎನಿಸಿತು, ಸಾಯಬಾರದು ಎಂದೂ ಅನಿಸಿತು. ಎರಡೂ ಖರೆ. ಎರಡರಲ್ಲಿ ಒಂದನ್ನು ಆರಿಸಿಕೊ ಎಂದು ಯಾರಾದರೂ ಕೇಳಿದ್ದರೆ ಅವಳಿಗೆ ಆಗುತ್ತಿರಲಿಲ್ಲ.

ಸಲೈನು ಬದಲಿಸಲು ಬಂದ ನರ್ಸು, "ಸ್ವಲ್ಪ ಸರೀರಿ, ಮುಟ್ಟಬ್ಯಾಡ್ರಿ," ಎಂದಳು. ಶೇಖವ್ವ ಬೆರಳು ಬಿಟ್ಟು ಎದ್ದಳು. ಆಗ ಅಂದಾನೆಪ್ಪನ ಕಣ್ಣು ತೆರೆದವು. ಸುಟ್ಟ ತುಟಿ ಅಲುಗಿತು.

"ಬಿಡಬ್ಯಾಡ," ಎಂದ.

ನರ್ಸು ಕೆಲಸ ಮುಗಿಸಿ ಸರಿಯುವಷ್ಟರಲ್ಲಿ ಕಣ್ಣು ತೆರೆದೇ ಇದ್ದವು, ಆದರೆ ನೋಡುತ್ತಿರಲಿಲ್ಲ.

ಬಿಡಬ್ಯಾಡ. ಏನನ್ನು? ನನ್ನ ಕೈ ಬಿಡಬೇಡ ಎಂದನೇ? ಜೀವಮಾನದಲ್ಲಿ ಒಮ್ಮೆಯೂ ಹಿಡಿಯೆಂದು ಕೇಳದವನು? ಇಲ್ಲ, ಆ ಪರಶ್ಯಾನನ್ನು ಬಿಡಬೇಡ ಎಂದನೇ? ಅಥವಾ ಜೀವ ಇನ್ನೂ ಭಟ್ಟಿಯ ಮೆಟ್ಟಿಲ ಮೇಲೇ ನಿಂತಿದ್ದು, ಮುಚ್ಚಳ ತೆರೆಯಬೇಡವೋ ಎಂದು ಕೂಗುತ್ತಿತ್ತೇ? ಹಾಗಿದ್ದರೆ ಸಿದ್ದಲಿಂಗ ಹೇಳುತ್ತಿರುವುದು ನಿಜವಾಗುತ್ತದೆ. ಪರಶಪ್ಪನಿಗೆ ಕೇಳಿಸಿದ್ದು ಒಂದು, ಗಂಡ ಹೇಳಿದ್ದು ಇನ್ನೊಂದು. ಗಾಡಿಯಲ್ಲಿ ಹೆಣದ ಪಕ್ಕ ಕೂತು ಬರುವಾಗಲೂ ಅವಳು ಆ ಒಂದು ಮಾತನ್ನು ಹೊರಳಿಸಿ ಹೊರಳಿಸಿ ನೋಡಿದಳು. ಅದು ಯಾವ ಮಗ್ಗುಲಿಗೂ ಸರಿಯಾಗಿ ಮಲಗಲಿಲ್ಲ.

ವಾರ್ಡಿನ ಗಾಜಿನ ಆಚೆ ಸಿದ್ದಲಿಂಗ ನಿಂತಿದ್ದ. ಅಣ್ಣನ ತುಟಿ ಅಲುಗಿದ್ದು ಅವನಿಗೆ ಕಂಡಿತ್ತು, ಮಾತು ಕೇಳಿಸಿರಲಿಲ್ಲ.

*

"ಅಕ್ಕಾ."

ಹಿತ್ತಲ ಬಾಗಿಲಿನಲ್ಲಿ ಪರಶಪ್ಪ ನಿಂತಿದ್ದ. ಹುಬ್ಬು ಸುಟ್ಟು ಹೋಗಿ ಮುಖ ಬೋಳಾಗಿ ಕಾಣುತ್ತಿತ್ತು. ಎರಡೂ ಅಂಗೈಗೆ ಪಟ್ಟಿ. ಬೆರಳಿಗೆ ಹಿಡಿಯಲು ಬಾರದೆ, ಸೀರೆಯ ಗಂಟನ್ನು ಎರಡು ಮೊಣಕೈಗಳ ನಡುವೆ ಎದೆಗೆ ಅವಚಿಕೊಂಡಿದ್ದ. ಹಿಂದೆ ಅಬ್ದುಲಮಜೀದ ಏದುಸಿರು ಬಿಡುತ್ತಿದ್ದ. "ಹೇಳಿದ್ನಿ ಯವ್ವಾ. ಕಾಲ ಹಿಡಿದ್ನಿ. ಕೇಳಲಿಲ್ಲ."

ಪಡಸಾಲೆಯ ಜನ ಇಬ್ಭಾಗವಾಗಿ ದಾರಿ ಕೊಟ್ಟರು. ಸಿದ್ದಲಿಂಗ ಕಾವು ಕೈಗೆ ತೆಗೆದುಕೊಂಡ. ಆದರೆ ಎತ್ತಲಿಲ್ಲ.

"ಹಾಕು," ಎಂದ. "ಮೊದಲ ಸೀರಿ ಹಾಕು. ಶಾಸ್ತ್ರ ಮುಗೀಲಿ."

ಪರಶಪ್ಪ ಹೆಣದ ಪಕ್ಕ ಮತ್ತೆ ಬಂದು ಕೂತಿದ್ದ ಅಕ್ಕನ ಮುಂದೆ ಮಂಡಿಯೂರಿ, ಗಂಟಿನ ತುದಿಯನ್ನು ಹಲ್ಲಿನಿಂದ ಕಚ್ಚಿ ಬಿಚ್ಚಿದ. ಗಜೇಂದ್ರಗಡದ ಪಟ್ಟೇದ ಅಂಚಿನ ಸೀರೆ. 'ಗಂಡ ಸತ್ತಾಕಿಗೆ ಕೆಂಪು ಅಂಚಿಂದು ತಂದಾನಲ್ಲೇ' ಎಂದು ಹೆಂಗಸರಲ್ಲಿ ಯಾರೋ ಗುಸುಗುಟ್ಟಿದರು. ಪಟ್ಟಿ ಸುತ್ತಿದ ಮೊಂಡುಗೈಗಳಿಂದ ಅದನ್ನು ಅಕ್ಕನ ಹೆಗಲಿಗೆ ಏರಿಸಿ ಅವನು ಕೈ ತೆಗೆಯುವುದೇ ತಡ, ಮೊದಲ ಪೆಟ್ಟು ಬೆನ್ನಿಗೆ ಬಿತ್ತು.

ಅವನು ಮುಂದಕ್ಕೆ ಮುಗ್ಗರಿಸಿ ಹೆಣದ ಕಾಲ ಮೇಲೆ ಬಿದ್ದ. ಸಿದ್ದಲಿಂಗ ಅಂಗಿ ಹಿಡಿದು ಎಳೆದು ಅಂಗಳಕ್ಕೆ ಎಸೆದ. ಎರಡನೆಯ ಪೆಟ್ಟಿಗೆ ಅಡ್ಡ ಬಂದ ಎಡಗೈಯ ಮೂಳೆ ಲಟಕ್ಕೆಂದದ್ದು ಪಡಸಾಲೆಯ ತನಕ ಕೇಳಿಸಿತು. ದಾಯಾದಿಗಳಲ್ಲಿ ಒಬ್ಬ, ಇಷ್ಟು ಹೊತ್ತು ಎಲೆಯಡಿಕೆ ಹುಡುಕುತ್ತಿದ್ದವನೇ, ಬಂದು ಪಕ್ಕೆಗೆ ಒದ್ದ. ಇನ್ನೊಬ್ಬ ಒದ್ದ. ಧೂಳಿನಲ್ಲಿ ರಕ್ತ ಬಿದ್ದು ಕರಿ ಚುಕ್ಕೆಯಾಯಿತು.

"ಮಾವ ಬಿಡು ಅಂದ, ನಾ ಬಿಟ್ಟೆ," ಪರಶಪ್ಪ ಅದನ್ನೇ ಹೇಳುತ್ತಿದ್ದ. "ಬಿಡು ಅಂದ, ಬಿಟ್ಟೆ. ಬಿಡು ಅಂದ..."

ಶೇಖವ್ವನ ಗಂಟಲಿನಲ್ಲಿ ಒಂದು ಮಾತು ಬಂದು ನಿಂತಿತ್ತು. ಬಿಡ್ರಿ. ಇದೇ ಅಂಗಳದಲ್ಲಿ, ಇದೇ ಜನ ಕೇಳಿಸಿಕೊಳ್ಳುವ ಹಾಗೆ, ಸಂಸಾರದುದ್ದಕ್ಕೂ ಅವಳು ಕೂಗಿದ ಮಾತು. ಅಂದು ಯಾರು ಬಂದಿದ್ದರು, ಇಂದು ಬರುವುದಕ್ಕೆ? ಸವೆದು ಸವೆದು ನಡೆಯದ ನಾಣ್ಯವಾಗಿತ್ತು ಅದು. ಕೂಗದೆ, ಓಡಿಹೋಗಿ ತಮ್ಮನ ಮೇಲೆ ಅಡ್ಡ ಬಿದ್ದಳು. ಕಾವು ಅವಳ ಹೆಗಲಿಗೆ ಬಿತ್ತು. ಈ ಮನೆಯ ಪೆಟ್ಟು ಅವಳಿಗೆ ಹೊಸದಲ್ಲ. ಹೆಗಲು ಅದನ್ನು ಗುರುತು ಹಿಡಿಯಿತು. ಅವಳು ಅಳಲಿಲ್ಲ.

ಸಿದ್ದಲಿಂಗ ಹೆದರಿ ಒಂದು ಹೆಜ್ಜೆ ಹಿಂದೆ ಸರಿದ. "ಸರೀರಿ ವೈನಿ."

"ಸರಿಯಂಗಿಲ್ಲ."

"ಅಣ್ಣಗ ನ್ಯಾಯ ಬ್ಯಾಡೇನು?" ಅವನ ದನಿ ಒಡೆಯಿತು. "ಕಡೀಕೆ ನಿಮ್ಮ ಮುಂದ ಏನೋ ಅಂದ. ದವಾಖಾನಿ ಕಾಚಿನ ಹೊರಗಿಂದ ನೋಡೀನಿ ನಾ. ಏನಂದ? ಈ ಪರಶ್ಯಾನ ಮಾತ ಅಂದಿರಬೇಕು. ಹೇಳ್ರಿ. ಅಣ್ಣನ ಇಷ್ಟಲಿಂಗ ಹಿಡದ ಹೇಳ್ರಿ. ನೀವು ಹೇಳಿದಂಗ ಮಾಡತೀನಿ."

ಶೇಖವ್ವ ಎದ್ದಳು. ಹೊಸ ಸೀರೆಯ ಅಂಚು ನೆಲಕ್ಕೆ ಎಳೆಯುತ್ತಿತ್ತು. ಪಡಸಾಲೆಗೆ ಹೋಗಿ ಹೆಣದ ಪಕ್ಕ ಕೂತು, ಬಿಳಿ ಪಟ್ಟಿಯ ಎದೆಯ ಮೇಲೆ ಇಟ್ಟಿದ್ದ ಲಿಂಗವನ್ನು ಬಲಗೈಯಲ್ಲಿ ಮುಚ್ಚಿ ಹಿಡಿದಳು. ಅದು ತಣ್ಣಗಿತ್ತು.

"ಬಿಡು ಅಂದ್ರು," ಎಂದಳು.

"ಯಾರನ್ನ?"

"ಯಾರ ಹೆಸರೂ ಹೇಳಲಿಲ್ಲ. ಬಿಡು ಅಂದ್ರು. ಜೀವ ಹೋತು."

ಮಾತಿನ ಅರ್ಧವನ್ನು ಕೊಟ್ಟು, 'ಬ್ಯಾಡ' ಎಂಬ ಅರ್ಧವನ್ನು ನುಂಗಿಕೊಂಡಳು. ಹೇಳಿದ್ದರಲ್ಲಿ ಸುಳ್ಳಿರಲಿಲ್ಲ, ಸುಳ್ಳೆಲ್ಲ ಹೇಳದೆ ಉಳಿಸಿಕೊಂಡದ್ದರಲ್ಲಿತ್ತು. ಅಂಗೈಯೊಳಗಿನ ಲಿಂಗ ಸುಡುತ್ತದೆ ಎಂದು ಅವಳು ಕಾಯ್ದಳು. ಅದು ತಣ್ಣಗೇ ಇತ್ತು, ಅದಕ್ಕೇ ಅವಳಿಗೆ ಇನ್ನಷ್ಟು ಭಯವಾಯಿತು.

ಸಿದ್ದಲಿಂಗ ಕೇಳುವ ಕಿವಿಯನ್ನು ಅವಳ ಕಡೆ ತಿರುಗಿಸಿಕೊಂಡು ನಿಂತಿದ್ದ. ಅಣ್ಣ ಅಂದದ್ದು ಶಾಸನ. ಕಾವು ಕೈಯಿಂದ ಜಾರಿ ಬಿತ್ತು. ಅವನು ಗೋಡೆಗೆ ಹಣೆ ಹಚ್ಚಿ, ನರೇಗಲ್ಲಿನ ದಾರಿಯಲ್ಲಿ ಅಣ್ಣ ಅತ್ತ ಹಾಗೆಯೇ, ಗೊಳೋ ಎಂದು ಅತ್ತುಬಿಟ್ಟ.

*

ಹೊಲದ ಬದುವಿನಲ್ಲಿ ಕುಣಿ ಸಿದ್ಧವಾಗಿತ್ತು. ಒಳಗೆ ಉಪ್ಪು, ವಿಭೂತಿ, ಬಿಲ್ವಪತ್ರೆ ಚೆಲ್ಲಿದ್ದರು. ಕರಿ ಕಂಬಳಿಯೊಳಗೆ ಅಂದಾನೆಪ್ಪನನ್ನು ತಂದು ಕುಣಿಯ ಅಂಚಿಗೆ ಇಳಿಸಿದರು.

"ತಲಿ ಕಡೆ ತಮ್ಮ ಹಿಡೀಲಿ," ಎಂದರು ಅಯ್ಯನವರು. "ಕಾಲ ಕಡೆ ಹೆಂಡ್ತಿ ತವರಿನವರ ಕೈ ಹತ್ತಬೇಕಪಾ. ಅಂವ ಎಲ್ಲದಾನ?"

ಪರಶಪ್ಪ ಮುರಿದ ಎಡಗೈಯನ್ನು ಟವೆಲ್ಲಿನಲ್ಲಿ ಕೊರಳಿಗೆ ಕಟ್ಟಿಕೊಂಡು, ಜನರ ಹಿಂದಿನಿಂದ ಬಂದ. ಬೆರಳಿಗೆ ಹಿಡಿಯಲು ಬಾರದ್ದರಿಂದ ಕಂಬಳಿಯ ಮೂಲೆಯನ್ನು ಬಲಗೈಯ ಮಣಿಕಟ್ಟಿಗೆ ಸುತ್ತಿಕೊಂಡ. ಅವನ ಪಕ್ಕದ ಮೂಲೆಯನ್ನು ಅಬ್ದುಲಮಜೀದ ಹಿಡಿದ. ತಲೆಯ ಕಡೆ ಸಿದ್ದಲಿಂಗ, ಅವನ ಜೊತೆಗೆ ಪಕ್ಕೆಗೆ ಒದ್ದಿದ್ದ ದಾಯಾದಿ. ನಾಲ್ವರೂ ಬಾಗಿ ಮೆಲ್ಲಗೆ ಇಳಿಸಿದರು. ಪರಶಪ್ಪನ ಪಟ್ಟಿಯಿಂದ ರಕ್ತ ಜಿನುಗಿ ಕಂಬಳಿಗೆ ಇಳಿಯಿತು. ಹೆಣ ತಳ ಮುಟ್ಟಿತು.

ಅಯ್ಯನವರು ಮಂತ್ರ ಮುಗಿಸಿದರು. "ಹೂಂ. ಇನ್ನ ಬಿಡ್ರಿ," ಎಂದರು.

ಯಾರೂ ಬಿಡಲಿಲ್ಲ.

ಮಾತು ಕೇಳಿಸದೆ ಅಲ್ಲ. ಪರಶಪ್ಪನ ಕಣ್ಣು ಸಿದ್ದಲಿಂಗನ ಮೇಲೆ ನೆಟ್ಟಿತ್ತು, ಸಿದ್ದಲಿಂಗನದು ಪರಶಪ್ಪನ ಮೇಲೆ. ಇಬ್ಬರ ನಡುವೆ ಕಂಬಳಿ ಬಿಗಿದು ನಿಂತಿತ್ತು. ಅಬ್ದುಲಮಜೀದನೂ ಮುಷ್ಟಿ ತೆರೆಯಲಿಲ್ಲ. ಅಯ್ಯನವರು ಅದೇ ಮಾತನ್ನು ಮತ್ತೊಮ್ಮೆ ಆಡಲು ಬಾಯಿ ತೆರೆದು, ಎಲ್ಲರ ಮುಖ ನೋಡಿ, ಸುಮ್ಮನಾದರು.

ಶೇಖವ್ವ ಹೆಂಗಸರ ನಡುವಿನಿಂದ ಎದ್ದು ಬಂದಳು. ಮೊದಲು ಮೈದುನನ ಹತ್ತಿರ ಹೋಗಿ, ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಅವನು ಮಕ್ಕಳ ಹಾಗೆ ಬಿಡಿಸಿಕೊಂಡ. ಅದನ್ನು ಕಂಡು ದಾಯಾದಿಯೂ ಅಬ್ದುಲಮಜೀದನೂ ತಾವಾಗಿಯೇ ಬಿಟ್ಟರು. ಕುಣಿ ಸುತ್ತಿ ತಮ್ಮನ ಹತ್ತಿರ ಬಂದು, ಮಣಿಕಟ್ಟಿಗೆ ಸುತ್ತಿದ ಕಂಬಳಿಯನ್ನು ನೋಯದ ಹಾಗೆ ಬಿಚ್ಚಿದಳು. ಪರಶಪ್ಪ ಹಿಂದಕ್ಕೆ ಸರಿದು ನೆಲದ ಮೇಲೆ ಕುಸಿದ.

ಮಂದಿ ಹಿಡಿ ಹಿಡಿ ಮಣ್ಣು ಹಾಕತೊಡಗಿದರು. ಎದೆ ಮುಚ್ಚಿತು, ಮೊಣಕಾಲು ಮುಚ್ಚಿತು. ಬಿಚ್ಚಿದ ಮೂಲೆ ಇನ್ನೂ ಶೇಖವ್ವನ ಕೈಯಲ್ಲೇ ಇತ್ತು. ಅವಳು ಕುಣಿಯ ಅಂಚಿನಲ್ಲಿ ಕೂತಿದ್ದಳು.

"ಬಿಡ ಯವ್ವಾ," ಫಕೀರವ್ವ ಬಂದು ಹೆಗಲು ಮುಟ್ಟಿದಳು. "ಸಾಕಿನ್ನ. ಬಿಡು."

ಮಣ್ಣು ಮೇಲೆ ಮೇಲೆ ಏರಿತು. ಅದರ ಭಾರಕ್ಕೆ ಒಳಗಿನಿಂದ ಕಂಬಳಿ ಜಗ್ಗಿದಾಗ ಶೇಖವ್ವ ರಕ್ತ ಹತ್ತಿದ ಆ ಮೂಲೆಯನ್ನು ಕೈಗೆ ಇನ್ನೊಂದು ಸುತ್ತು ಸುತ್ತಿಕೊಂಡಳು.